ಫಂಡ್ ಖರ್ಚು, ಏಜೆಂಟ್ ಕಮಿಷನ್, ಅಡ್ವೈಸರ್ ಫೀ: ಕೊಟ್ಟ ರೊಕ್ಕಕ್ಕ ಕೆಲಸ ಆಗ್ತೈತೋ ಇಲ್ಲೋ ಲೆಕ್ಕ ಹಾಕೂದು ಹೆಂಗ

ನಮ್ಮಪ್ಪ ಹಾವೇರಿ ಕಡೆ ಒಕ್ಕಲುತನ ಮಾಡಿದವರು. ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಒಯ್ದು ಬಂದ್ರಂದ್ರ ರಾತ್ರಿ ಊಟ ಆದಮ್ಯಾಲ ಪಟ್ಟಿ ಹಿಡಕೊಂಡು ಕುಂಡ್ರತಿದ್ರು. ತೂಕ ಎಷ್ಟ, ದರ ಎಷ್ಟ, ಹಮಾಲಿ ಎಷ್ಟ ಹಿಡದಾರ, ಒಂದೊಂದು ಸಾಲಿನ ಮ್ಯಾಲ ಬೆರಳಿಟ್ಟು ಓದೂದು, ಹತ್ತು ರೂಪಾಯಿ ಹೆಚ್ಚುಕಡಿಮಿ ಕಂಡ್ರ ಮುಂದಿನ ವಾರ ಹೋಗಿ ಕೇಳೂದು. ಅಂಥವರ ಮಗ ನಾನು, ಹುಬ್ಬಳ್ಳ್ಯಾಗ ಅಕೌಂಟ್ಸ್ ಕೆಲಸಾನ ಮಾಡ್ತೀನಿ, ಮಂದಿ ಲೆಕ್ಕ ನೋಡೂದ ನನ್ನ ಹೊಟ್ಟಿಪಾಡು, ಆದ್ರೂ ಒಂಬತ್ತು ವರ್ಷ ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ತಿಂಗಳಾ ತಿಂಗಳಾ ಕಟ್ಟೋ ಕಂತು) ಕಟ್ಟಿದ್ರೂ ಇದರಾಗ ಯಾರಿಗೆ ಎಷ್ಟ ಹೋಗ್ತೈತಿ ಅಂತ ಒಂದ ದಿನ ಕೇಳಿರಲಿಲ್ಲ. ನಮ್ಮ ಓಣಿ ಏಜೆಂಟ್ರು "ನನಗೇನೂ ಕೊಡೂದು ಬ್ಯಾಡ್ರಿ, ಸರ್ವಿಸ್ ಫ್ರೀ" ಅಂದಿದ್ರು, ನಾನು ನಂಬಿಬಿಟ್ಟಿದ್ದೆ. ಆಮ್ಯಾಲ ಒಂದ ಅಕ್ಟೋಬರದಾಗ ಮೇಲ್‌ನ್ಯಾಗ ಬಂದ ಸ್ಟೇಟ್‌ಮೆಂಟ್ ಸುಮ್ನ ಕೆಳಗಿನ ತನಕ ಓದಿದ್ರ, ಆರು ತಿಂಗಳದಾಗ ನನ್ನ ಫಂಡ್‌ಗಳಿಂದ ಅವರಿಗೆ ಹೋದ ಕಮಿಷನ್ 4,870 ರೂಪಾಯಿ. ವರ್ಷಕ್ಕ ಹತ್ತು ಸಾವಿರದ ಹತ್ರ.

ಸಿಟ್ಟು ಬಂತು ಖರೆ. ಆದ್ರ ನಾಕು ದಿನ ಬಿಟ್ಟು ಯೋಚನೆ ಮಾಡಿದಾಗ ಗೊತ್ತಾಗಿದ್ದು ಏನಂದ್ರ, ಹತ್ತು ಸಾವಿರ ಜಾಸ್ತಿನೋ ಕಡಿಮಿನೋ ಅನ್ನೂದು ಆ ಹತ್ತು ಸಾವಿರಕ್ಕ ಅವರು ಏನ ಕೆಲಸ ಮಾಡ್ಯಾರ ಅನ್ನೂದರ ಮ್ಯಾಲ ಐತಿ. ಅದಕ್ಕ ನಾನು ಅಪ್ಪನ ಹಂಗ ಒಂದ ಪಟ್ಟಿ ಬರದೆ. ಅದನ್ನ ಬರಿಯೂದು ಹೆಂಗ ಅಂತ ಇಲ್ಲಿ ಪೂರ್ತಿ ಹೇಳ್ತೀನಿ, ಒಂದ ರವಿವಾರ ಮುಂಜಾನಿ ಸಾಕಾಗ್ತೈತಿ, ಒಂದ ಹಾಳಿ, ಪೆನ್ನು, ಮೊಬೈಲ್‌ನ್ಯಾಗ ಕ್ಯಾಲ್ಕುಲೇಟರ್ ಇದ್ರ ಆತು.

1. ಮೊದಲ ನಿಮ್ಮ ಮನುಷ್ಯಾ ಯಾರು ಅನ್ನೂದು ಗೊತ್ತು ಮಾಡ್ಕೋರಿ

ನಮ್ಮ ಕಡೆ ಎಲ್ಲಾರಿಗೂ "ಅಡ್ವೈಸರ್" ಅಂದುಬಿಡ್ತೀವಿ. ಎಲ್‌ಐಸಿ ಏಜೆಂಟ್, ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್, ಟ್ಯಾಕ್ಸ್ ತುಂಬೋ ಸಿಎ, ಮ್ಯೂಚುವಲ್ ಫಂಡ್ ಮಾಡಿಕೊಡೋರು, ಎಲ್ಲಾರೂ ಅಡ್ವೈಸರ್. ಕಾನೂನಿನ್ಯಾಗ ಹಂಗಿಲ್ರಿ. ಮ್ಯೂಚುವಲ್ ಫಂಡ್ ಮಾರೋರಿಗೆ ಡಿಸ್ಟ್ರಿಬ್ಯೂಟರ್ ಅಂತಾರ, ಅವರ ಹತ್ರ ಆಂಫಿ (ಫಂಡ್ ಕಂಪನಿಗಳ ಸಂಘ) ಕೊಟ್ಟ ಎಆರ್‌ಎನ್ ಅನ್ನೋ ರಿಜಿಸ್ಟ್ರೇಶನ್ ನಂಬರ್ ಇರ್ತೈತಿ, ಅವರ ದುಡಿಮಿ ಬರೂದು ಫಂಡ್ ಕಂಪನಿ ಕೊಡೋ ಕಮಿಷನ್‌ನಿಂದ. ಬ್ಯಾಂಕ್ ಸುದ್ದಾ ಇದರಾಗ ಡಿಸ್ಟ್ರಿಬ್ಯೂಟರೇ. ಇನ್ನೊಂದು ಜಾತಿ ಅಂದ್ರ ಸೆಬಿ (ಶೇರು ಬಜಾರ, ಫಂಡ್‌ಗಳ ಮ್ಯಾಲ ಕಣ್ಣಿಡೋ ಸರ್ಕಾರಿ ಸಂಸ್ಥೆ) ರಿಜಿಸ್ಟರ್ಡ್ ಇನ್ವೆಸ್ಟ್‌ಮೆಂಟ್ ಅಡ್ವೈಸರ್, 2013ರ ಸೆಬಿ ನಿಯಮದ ಕೆಳಗ ಬರೋರು, ಅವರ ನಂಬರ್ ಐಎನ್‌ಎ ಅಂತ ಶುರು ಆಗ್ತೈತಿ. ಅವರು ಫೀ ತೊಗೊಳ್ಳೂದು ನಿಮ್ಮಿಂದ, ಸಲಹಾ ಕೊಟ್ಟ ಗಿರಾಕಿಯ ರೊಕ್ಕದ ಮ್ಯಾಲ ಫಂಡ್ ಕಂಪನಿ ಕಡೆಯಿಂದ ಕಮಿಷನ್ ಹೊಡಿಯಾಕ ಅವರಿಗೆ ಅವಕಾಶ ಇಲ್ಲ.

ಇಬ್ಬರೂ ಬ್ಯಾರೆ ಬ್ಯಾರೆ ಕೆಲಸದ ಮಂದಿ, ಒಬ್ಬರು ಒಳ್ಳೇವರು ಇನ್ನೊಬ್ಬರು ಕೆಟ್ಟವರು ಅಂತ ನಾನು ಹೇಳಂಗಿಲ್ಲ. ಆದ್ರ ರೊಕ್ಕ ಯಾರ ಕೈಯಿಂದ ಬರ್ತೈತೋ ಅವರ ಕಡೆ ಮನಸ್ಸು ಸ್ವಲ್ಪ ವಾಲೂದು ಸಹಜ, ಅದನ್ನ ತಿಳಕೊಂಡು ಕುಂಡ್ರಬೇಕು. ವಿಸಿಟಿಂಗ್ ಕಾರ್ಡ್ ಮ್ಯಾಲ "ವೆಲ್ತ್ ಅಡ್ವೈಸರ್" ಅಂತ ಹಾಕ್ಕೊಂಡು ಕಮಿಷನ್ ಮ್ಯಾಲ ಫಂಡ್ ಮಾರೋರು ಕಂಡ್ರ ನಂಬರ್ ಕೇಳ್ರಿ, ಡಿಸ್ಟ್ರಿಬ್ಯೂಟರ್ ಆದವರು ಆ ಹೆಸರು ಬಳಸೂಹಂಗಿಲ್ಲ ಅಂತ ಸೆಬಿ ಹೇಳೈತಿ. ಐಎನ್‌ಎ ನಂಬರ್ ಖರೆ ಐತೋ ಸುಳ್ಳೋ ಅನ್ನೂದನ್ನ ಸೆಬಿ ವೆಬ್‌ಸೈಟಿನ ಪಟ್ಟಿಯೊಳಗ ಎರಡ ನಿಮಿಷದಾಗ ನೋಡಬಹುದು. ವಾಟ್ಸಾಪ್ ಗ್ರೂಪಿನ್ಯಾಗ "ತಿಂಗಳಿಗೆ ಇಷ್ಟ ಗ್ಯಾರಂಟಿ" ಅನ್ನೋರ ಬಗ್ಗೆ ಈ ಲೆಕ್ಕಾನೇ ಬ್ಯಾಡ, ಬ್ಲಾಕ್ ಮಾಡ್ರಿ ಅಷ್ಟ.

2. ಸ್ಟೇಟ್‌ಮೆಂಟ್ ತಗೀರಿ, ಹೋಗ್ತಿರೋ ರೊಕ್ಕ ಹುಡುಕ್ರಿ

ಈ ಒಂದ ಕೆಲಸ ನೀವು ಸರಿ ಮಾಡಿದ್ರ ಅರ್ಧ ಮುಗಿತು. ಕನ್ಸಾಲಿಡೇಟೆಡ್ ಅಕೌಂಟ್ ಸ್ಟೇಟ್‌ಮೆಂಟ್, ಮಂದಿ ಸಿಎಎಸ್ ಅಂತಾರ, ನಿಮ್ಮ ಪ್ಯಾನ್ ಮ್ಯಾಲ ಇರೋ ಎಲ್ಲಾ ಫಂಡ್ ಒಂದ ಕಡೆ ತೋರಸ್ತೈತಿ. ಫಂಡ್‌ಗಳ ಲೆಕ್ಕಪತ್ರ ಇಡೋ ರಿಜಿಸ್ಟ್ರಾರ್ ಕಂಪನಿಗಳಾದ ಕ್ಯಾಮ್ಸ್, ಕೆಫಿನ್‌ಟೆಕ್, ಇಲ್ಲಾ ಎಂಎಫ್ ಸೆಂಟ್ರಲ್ ವೆಬ್‌ಸೈಟ್‌ನ್ಯಾಗ ಮೇಲ್ ಐಡಿ ಪ್ಯಾನ್ ಹಾಕಿದ್ರ ಬೇಕಾದಾಗ ಸಿಗ್ತೈತಿ, ಆದ್ರ ನಿಮಗ ಬೇಕಾಗಿರೂದು ಅರ್ಧ ವರ್ಷಕ್ಕೊಮ್ಮೆ, ಏಪ್ರಿಲ್ ಮತ್ತ ಅಕ್ಟೋಬರದಾಗ ಬರೋ ಸ್ಟೇಟ್‌ಮೆಂಟ್. ಯಾಕಂದ್ರ ಅದರಾಗ ಪ್ರತಿ ಸ್ಕೀಮ್ ಮುಂದ ಡಿಸ್ಟ್ರಿಬ್ಯೂಟರ್‌ಗೆ ಎಷ್ಟ ಕಮಿಷನ್ ಹೋತು ಅಂತ ಪರ್ಸೆಂಟ್ ಅಲ್ಲ, ರೂಪಾಯಿ ಲೆಕ್ಕದಾಗ ಬರದಿರ್ತಾರ, 2016ರಿಂದ ಹಿಂಗ ತೋರಸಬೇಕು ಅಂತ ಸೆಬಿ ನಿಯಮ ಮಾಡೈತಿ. ಅದೇ ಸ್ಕೀಮಿನ ರೆಗ್ಯುಲರ್ ಪ್ಲಾನ್‌ದು ಖರ್ಚು ಎಷ್ಟ, ಡೈರೆಕ್ಟ್ ಪ್ಲಾನ್‌ದು ಎಷ್ಟ ಅಂತಾನೂ ಬಾಜೂಕ ಇರ್ತೈತಿ. ಬಹಳ ಮಂದಿ ಈ ಮೇಲ್ ತಗದ ನೋಡಂಗಿಲ್ಲ, ಪಾಸ್‌ವರ್ಡ್ ಕೇಳ್ತೈತಿ ಅಂತ ಬಿಟ್ಟಬಿಡ್ತಾರ. ಪಾಸ್‌ವರ್ಡ್ ಏನಂತ ಆ ಮೇಲ್‌ನ್ಯಾಗ ಬರದಿರ್ತಾರ, ಬಿಡಬ್ಯಾಡ್ರಿ.

ಫಂಡಿನ ಹೆಸರಿನ್ಯಾಗ "ರೆಗ್ಯುಲರ್" ಅಂತ ಇದ್ದು ಎಆರ್‌ಎನ್ ನಂಬರ್ ಕಂಡ್ರ ನಡಕ ಒಬ್ಬರು ಇದ್ದಾರ ಅಂತ ಅರ್ಥ. "ಡೈರೆಕ್ಟ್" ಅಂತ ಇದ್ರ ಯಾರಿಗೂ ಕಮಿಷನ್ ಇಲ್ಲ. ಡೈರೆಕ್ಟ್ ಪ್ಲಾನ್ 2013ರ ಜನವರಿ 1ರಿಂದ ಎಲ್ಲಾ ಫಂಡ್ ಕಂಪನಿಗಳಾಗ ಐತಿ, ಅದೇ ಶೇರು, ಅದೇ ಮ್ಯಾನೇಜರ್, ಖರ್ಚು ಅಷ್ಟ ಕಡಿಮಿ.

ಈಗ ಹಾಳಿ ಮ್ಯಾಲ ಮೂರು ಸಾಲು ಬರೀರಿ. ಒಂದು, ನಿಮ್ಮ ಫಂಡಿನ ಇವತ್ತಿನ ಬೆಲಿ. ಎರಡು, ವರ್ಷಕ್ಕ ಹೋಗೋ ಕಮಿಷನ್, ಅಂದ್ರ ಆರು ತಿಂಗಳದ್ದು ಡಬಲ್ ಮಾಡ್ರಿ. ಮೂರು, ರೆಗ್ಯುಲರ್‌ಗೂ ಡೈರೆಕ್ಟ್‌ಗೂ ಇರೋ ಖರ್ಚಿನ ಫರಕು. ಈಕ್ವಿಟಿ (ಶೇರಿನ್ಯಾಗ ರೊಕ್ಕ ಹಾಕೋ) ಫಂಡ್‌ನ್ಯಾಗ ಈ ಫರಕು ಹೆಚ್ಚೂಕಡಿಮಿ ಅರ್ಧದಿಂದ ಒಂದು ಪರ್ಸೆಂಟ್ ಇರ್ತೈತಿ, ಕೆಲವು ಸಣ್ಣ ಫಂಡ್‌ಗಳಾಗ ಒಂದಕ್ಕೂ ಜಾಸ್ತಿ.

3. ಖರ್ಚು ಕಾಣಂಗಿಲ್ಲ ಯಾಕಂದ್ರ ಅದು ದಿನಾ ಹೋಗ್ತೈತಿ

ಎಕ್ಸ್‌ಪೆನ್ಸ್ ರೇಶಿಯೋ ಅಂತ ಕೇಳಿರ್ತೀರಿ. ಫಂಡ್ ಮ್ಯಾನೇಜರ್ ಪಗಾರ, ಆಡಿಟ್, ರಿಜಿಸ್ಟ್ರಾರ್, ಜಾಹೀರಾತು, ಮತ್ತ ರೆಗ್ಯುಲರ್ ಪ್ಲಾನ್ ಆದ್ರ ಏಜೆಂಟ್ರ ಕಮಿಷನ್, ಎಲ್ಲಾ ಸೇರಿ ವರ್ಷಕ್ಕ ಇಷ್ಟ ಪರ್ಸೆಂಟ್ ಅಂತ. ಇದನ್ನ ಅವರು ಬಿಲ್ ಮಾಡಿ ಕಳಸೂದಿಲ್ಲ, ದಿನಾ ಒಂದ ಚೂರು ಎನ್‌ಎವಿ (ಫಂಡಿನ ಒಂದ ಯೂನಿಟ್ಟಿನ ಅವತ್ತಿನ ಬೆಲಿ) ಒಳಗ ಕಡಕೊಂಡ ಬಿಡ್ತಾರ, ಹಂಗಾಗಿ ನಿಮ್ಮ ಬ್ಯಾಂಕ್ ಪಾಸ್‌ಬುಕ್‌ನ್ಯಾಗ ಎಲ್ಲೂ ಕಾಣಂಗಿಲ್ಲ. ಹೆಸ್ಕಾಂ ಬಿಲ್ ನೂರು ರೂಪಾಯಿ ಹೆಚ್ಚ ಬಂದ್ರ ಆಫೀಸಿಗೆ ಹೋಗಿ ನಿಂದರೋ ಮಂದಿ ನಾವು, ಇದನ್ನ ಯಾಕ ಕೇಳಂಗಿಲ್ಲ ಅಂದ್ರ ಇದಕ್ಕ ಬಿಲ್ ಇಲ್ಲ, ಅದಕ್ಕ.

ಒಂದ ತಪ್ಪು ಎಲ್ಲಾರೂ ಮಾಡ್ತಾರ, ನಾನೂ ಮಾಡಿದ್ದೆ. ಆ್ಯಪಿನ್ಯಾಗ ಫಂಡ್ 13 ಪರ್ಸೆಂಟ್ ರಿಟರ್ನ್ ಕೊಟ್ಟೈತಿ ಅಂತ ತೋರಸಿದ್ರ ಅದರಾಗಿಂದ ಖರ್ಚು ಕಳೀಬ್ಯಾಡ್ರಿ. ಎನ್‌ಎವಿ ಖರ್ಚು ಹೋದಮ್ಯಾಲ ಬರೋದು, ಹಂಗಾಗಿ ಆ 13 ಖರ್ಚು ಕಳದ ಲೆಕ್ಕಾನೇ. ಖರ್ಚಿನ ಪೆಟ್ಟು ನೋಡಬೇಕಂದ್ರ ಅದೇ ಫಂಡಿನ ಡೈರೆಕ್ಟ್ ಮತ್ತ ರೆಗ್ಯುಲರ್ ಎರಡರದ್ದೂ ಹತ್ತು ವರ್ಷದ ರಿಟರ್ನ್ ಬಾಜೂ ಬಾಜೂ ಇಟ್ಟು ನೋಡ್ರಿ.

ಒಂದು ಪರ್ಸೆಂಟ್ ಏನ್ ಮಹಾ ಅಂತೀರಾ? ತಿಂಗಳಿಗೆ 5,000ದಂಗ 20 ವರ್ಷ ಕಟ್ಟಿದ್ರ ನಿಮ್ಮ ಕೈಯಿಂದ ಹೋಗೂದು 12 ಲಕ್ಷ. ವರ್ಷಕ್ಕ 12 ಪರ್ಸೆಂಟ್ ಬೆಳದ್ರ ಅದು ಸುಮಾರು 49.96 ಲಕ್ಷ ಆಗ್ತೈತಿ, 11 ಪರ್ಸೆಂಟ್ ಬೆಳದ್ರ ಸುಮಾರು 43.68 ಲಕ್ಷ. ಫರಕು 6.28 ಲಕ್ಷ. ನೀವು ಕಟ್ಟಿದ ರೊಕ್ಕದ ಅರ್ಧಕ್ಕೂ ಜಾಸ್ತಿ. 12 ಬಂದೇ ಬರ್ತೈತಿ ಅಂತ ನಾನು ಹೇಳ್ತಾ ಇಲ್ಲ, ಬಜಾರದ್ದು ಯಾರಿಗೂ ಗೊತ್ತಿಲ್ಲ, ಆದ್ರ ಖರ್ಚು ಮಾತ್ರ ಬಜಾರ ಏರಿದ್ರೂ ಇಳದ್ರೂ ಹೋಗ್ತಾನ ಇರ್ತೈತಿ.

ಡೆಟ್ ಫಂಡ್ (ಬಾಂಡ್, ಸಾಲಪತ್ರದಾಗ ರೊಕ್ಕ ಹಾಕೋ ಫಂಡ್) ಇದ್ದವರು ಇನ್ನೂ ಜಾಸ್ತಿ ಲಕ್ಷ್ಯ ಕೊಡ್ರಿ. ಬರೂದ 7 ಪರ್ಸೆಂಟ್ ಇದ್ದಾಗ ಅದರಾಗ 1 ಪರ್ಸೆಂಟ್ ಖರ್ಚಂದ್ರ ಏಳು ರೊಟ್ಟಿಯೊಳಗ ಒಂದ ರೊಟ್ಟಿ ಹೋದಂಗ.

4. ಬ್ಯಾರೆ ಸಣ್ಣ ಖರ್ಚುಗಳು, ಲಗೂನ ನೋಡಿ ಮುಂದ ಹೋಗ್ರಿ

ರೊಕ್ಕ ಹಾಕುವಾಗ ಕಡಕೊಳ್ಳೋ ಎಂಟ್ರಿ ಲೋಡ್ ಅಂತ ಮೊದಲ ಇತ್ತು, 2009ರ ಆಗಸ್ಟ್‌ದಾಗ ಬಂದ್ ಮಾಡ್ಯಾರ, ಈಗ ಯಾರರ ಕೇಳಿದ್ರ ಕೊಡಬ್ಯಾಡ್ರಿ. ಎಕ್ಸಿಟ್ ಲೋಡ್ ಐತಿ, ಬಹಳಷ್ಟು ಈಕ್ವಿಟಿ ಫಂಡ್‌ಗಳಾಗ ಒಂದು ವರ್ಷದೊಳಗ ತಗದ್ರ 1 ಪರ್ಸೆಂಟ್. ಸ್ಟ್ಯಾಂಪ್ ಡ್ಯೂಟಿ 0.005 ಪರ್ಸೆಂಟ್, ಲಕ್ಷಕ್ಕ ಐದು ರೂಪಾಯಿ, ಅದನ್ನ ಮರತಬಿಡ್ರಿ.

5. ಫಂಡ್ ತಾನು ತೊಗೊಳ್ಳೋ ರೊಕ್ಕಕ್ಕ ಲಾಯಕ್ಕ ಐತೇನು

ಏಜೆಂಟ್ರನ್ನ ಬದೀಗಿಟ್ಟು ಮೊದಲ ಫಂಡ್ ನೋಡ್ರಿ. ನಿಫ್ಟಿ 50 (ಶೇರು ಬಜಾರದ 50 ದೊಡ್ಡ ಕಂಪನಿಗಳ ಸೂಚ್ಯಂಕ) ಇಂಡೆಕ್ಸ್ ಫಂಡಿನ ಡೈರೆಕ್ಟ್ ಪ್ಲಾನ್ ಖರ್ಚು ಸಾಮಾನ್ಯವಾಗಿ 0.1ರಿಂದ 0.3 ಪರ್ಸೆಂಟ್. ಅಲ್ಲಿ ಯಾರೂ ತಲಿ ಓಡಸಂಗಿಲ್ಲ, ಇಂಡೆಕ್ಸ್‌ನ್ಯಾಗ ಏನ ಐತೋ ಅದನ್ನ ಖರೀದಿ ಮಾಡ್ತಾರ. ಇದು ನಿಮ್ಮ ಅಳತಿಗೋಲು. ಇದಕ್ಕಿಂತ ಹೆಚ್ಚ ಕೇಳೋ ಫಂಡ್ ಇದಕ್ಕಿಂತ ಹೆಚ್ಚ ಕೆಲಸ ಮಾಡಿ ತೋರಸಬೇಕು.

ಲಾರ್ಜ್ ಕ್ಯಾಪ್ ಫಂಡ್‌ಗಳಾಗ ಈ ಪ್ರಶ್ನೆ ಭಾಳ ಗಟ್ಟಿಯಾಗಿ ಕೇಳಬೇಕು ಅನ್ನೂದು ನನ್ನ ಅಭಿಪ್ರಾಯ. ಯಾಕಂದ್ರ 2017ರ ಸೆಬಿ ನಿಯಮದ ಪ್ರಕಾರ ಅವು ಕಡಿಮಿ ಅಂದ್ರೂ 80 ಪರ್ಸೆಂಟ್ ರೊಕ್ಕ ದೊಡ್ಡ 100 ಕಂಪನಿ ಒಳಗ ಇಡಬೇಕು, ಹಂಗಾಗಿ ಅವರ ಫ್ಯಾಕ್ಟ್‌ಶೀಟ್ (ಫಂಡಿನ ಮಾಹಿತಿ ಹಾಳಿ) ತಗದು ಮೊದಲಿನ ಹತ್ತು ಶೇರು ನೋಡಿದ್ರ ಎಷ್ಟೋ ಸಲ ಇಂಡೆಕ್ಸ್‌ನ್ಯಾಗಿನ ಹೆಸರುಗಳೇ ಇರ್ತಾವ, ಹಿಂದ ಮುಂದ ಅಷ್ಟ. ಹತ್ತರಾಗ ಏಳು ಎಂಟು ಅವೇ ಇದ್ರ ನೀವು ಇಂಡೆಕ್ಸ್ ಫಂಡಿಗೆ ಐದಾರು ಪಟ್ಟು ಬೆಲಿ ಕೊಡ್ತಾ ಇದ್ದೀರಿ ಅಂತ ತಿಳೀರಿ. ಮಧ್ಯಮ, ಸಣ್ಣ ಕಂಪನಿಗಳ ಮಿಡ್ ಕ್ಯಾಪ್, ಸ್ಮಾಲ್ ಕ್ಯಾಪ್ ಒಳಗ ಮ್ಯಾನೇಜರ್ ಕೈಚಳಕಕ್ಕ ಜಾಗ ಜಾಸ್ತಿ, ಅಲ್ಲಿ ನಾನು ಸ್ವಲ್ಪ ಸಡಿಲ ಬಿಡ್ತೀನಿ.

ಹೋಲಿಕಿ ಮಾಡುವಾಗ ಎರಡು ಮಾತು ನೆನಪಿಡ್ರಿ. ಇಂಡೆಕ್ಸಿನ ಹೆಸರಿನ ಮುಂದ ಟಿಆರ್‌ಐ ಅಂತ ಇರಬೇಕು, ಅಂದ್ರ ಡಿವಿಡೆಂಡ್ ಸೇರಿಸಿದ ಲೆಕ್ಕ, 2018ರಿಂದ ಫಂಡ್‌ಗಳು ಅದಕ್ಕ ಹೋಲಿಸಿ ತೋರಸಬೇಕು. ಇನ್ನೊಂದು, ಹೋದ ವರ್ಷದ ರಿಟರ್ನ್ ನೋಡಿ ಮಳ್ಳ ಆಗಬ್ಯಾಡ್ರಿ. ಐದು, ಏಳು, ಹತ್ತು ವರ್ಷ, ಮತ್ತ ಶುರುವಾದ ದಿನ ಬದಲಿಸಿ ಬದಲಿಸಿ ನೋಡೋ ರೋಲಿಂಗ್ ರಿಟರ್ನ್ ಸಿಕ್ರ ಇನ್ನೂ ಚಲೋ. ಹತ್ತು ವರ್ಷದಾಗೂ ಇಂಡೆಕ್ಸ್‌ನ್ನ ಹಿಂದ ಹಾಕಲಾರದ ಫಂಡಿಗೆ ಏಜೆಂಟ್ರು ಎಷ್ಟ ಒಳ್ಳೇವರಿದ್ರೂ ನಾನು ಹೊಸಾ ರೊಕ್ಕ ಹಾಕಂಗಿಲ್ಲ.

6. ಈಗ ಕೆಲಸದ ಪಟ್ಟಿ ಬರೀರಿ

ಹಾಳಿ ತಿರುವಿ ಹಾಕ್ರಿ. ಹೋದ ಹನ್ನೆರಡು ತಿಂಗಳದಾಗ ನಿಮ್ಮ ಏಜೆಂಟ್ರು ಇಲ್ಲಾ ಅಡ್ವೈಸರ್ರು ಏನೇನ ಮಾಡಿದ್ರು ಅಂತ ನೆನಪಾದಂಗ ಬರಕೋತ ಹೋಗ್ರಿ. ಫೋನ್ ಕಾಲ್, ವಾಟ್ಸಾಪ್ ಎಲ್ಲಾ ತಗದು ನೋಡ್ರಿ. ನನ್ನದು ನಾಕ ಸಾಲು ಆತು. ಹೊಸಾ ಫಂಡ್ ಬಂದೈತಿ ಹಾಕ್ರಿ ಅಂತ ಮೂರು ಮೆಸೇಜ್, ದೀಪಾವಳಿಗೆ ಪೇಡೆ ಡಬ್ಬಿ, ಮೊಬೈಲ್ ನಂಬರ್ ಬದಲಿ ಮಾಡಿಕೊಟ್ಟಿದ್ದು, ಮಾರ್ಚ್‌ದಾಗ ಟ್ಯಾಕ್ಸಿಗೆ ಕ್ಯಾಪಿಟಲ್ ಗೇನ್ ಸ್ಟೇಟ್‌ಮೆಂಟ್ ಕಳಸಿದ್ದು. ಹತ್ತು ಸಾವಿರಕ್ಕ ಇಷ್ಟ.

ಆದ್ರ ನಮ್ಮ ಗದಗಿನ ಭಾವ ಇದ್ದಾರಲ್ರೀ, ಅಕ್ಕನ ಗಂಡ, ಅವರ ಪಟ್ಟಿ ಬರದಾಗ ನನ್ನ ಬಾಯಿ ಬಂದ್ ಆತು. 2020ರ ಮಾರ್ಚ್‌ದಾಗ, ಜನವರಿಯೊಳಗ 12,400 ಮುಟ್ಟಿದ್ದ ನಿಫ್ಟಿ ಎರಡ ತಿಂಗಳದಾಗ 7,600ರ ಹತ್ರ ಇಳದಿತ್ತು, ಭಾವಗ ರಾತ್ರಿ ನಿದ್ದಿ ಇಲ್ಲ, ಮಗಳ ಮದವಿಗೆ ಅಂತ ಇಟ್ಟ ರೊಕ್ಕ, ಎಲ್ಲಾ ತಗದು ಎಫ್‌ಡಿ ಮಾಡ್ತೀನಿ ಅಂತ ಕುಂತಿದ್ರು. ಅವರ ಡಿಸ್ಟ್ರಿಬ್ಯೂಟರ್ರು ಲಾಕ್‌ಡೌನ್ ಟೈಮಿನ್ಯಾಗ ದಿನಾ ಸಂಜಿಕೆ ಫೋನ್ ಮಾಡೂದು, "ಸರ, ಮದವಿ ಇನ್ನ ಆರು ವರ್ಷ ಐತಿ, ಇವತ್ತು ತಗೀಬ್ಯಾಡ್ರಿ, ಎಸ್‌ಐಪಿ ನಿಂದರಸಬ್ಯಾಡ್ರಿ" ಅನ್ನೂದು, ಎರಡು ವಾರ ಹಂಗ ಹಿಡಕೊಂಡ್ರು. ಅದೇ ನವೆಂಬರದಾಗ ನಿಫ್ಟಿ ಜನವರಿಯ ಮಟ್ಟ ದಾಟಿತ್ತು. ಆ ಹದಿನೈದು ಫೋನ್ ಕಾಲ್‌ಗೆ ಭಾವನ ಹತ್ತು ವರ್ಷದ ಕಮಿಷನ್ ಕೊಟ್ರೂ ನಡೀತೈತಿ. ಆಮ್ಯಾಲ ಭಾವನ ತಂದಿಯವರು ತೀರಿಕೊಂಡಾಗ ಅವರ ಹೆಸರಿನ ಯೂನಿಟ್ ಇವರ ಹೆಸರಿಗೆ ಮಾಡಸಾಕ ಡೆತ್ ಸರ್ಟಿಫಿಕೇಟ್, ಕೆವೈಸಿ, ಬ್ಯಾಂಕಿನ ಸಹಿ ಅಂತ ಗದಗ ಹುಬ್ಬಳ್ಳಿ ಓಡಾಡಿದ್ದೂ ಅವರೇ.

ಅಂದ್ರ ಕೆಲಸಕ್ಕ ಬೆಲಿ ಕಟ್ಟೂದು ಹಿಂಗ್ರಿ. ಹೊಸಾ ಫಂಡ್ ತೋರಸೂದು ಕೆಲಸ ಅಲ್ಲ, ಅದು ಮಾರಾಟ. ಖರೆ ಕೆಲಸ ಅಂದ್ರ ನಿಮ್ಮನ್ನ ತಪ್ಪು ಮಾಡಲಾರದಂಗ ತಡಿಯೂದು, ಟರ್ಮ್ ಇನ್ಶೂರೆನ್ಸ್ (ಜೀವ ಹೋದ್ರ ಮಾತ್ರ ಮನಿಯವರಿಗೆ ರೊಕ್ಕ ಬರೋ ವಿಮಾ) ಐತೇನು ನಾಮಿನಿ ಹಾಕೀರೇನು ಅಂತ ಬೆನ್ನ ಹತ್ತೂದು, ಈಕ್ವಿಟಿ ಬೆಳದು ಭಾರ ಆದಾಗ ತುಸು ತಗದು ಡೆಟ್‌ಗೆ ಹಾಕ್ಸೂದು, ಟ್ಯಾಕ್ಸ್ ಉಳಿಯೋ ಹಂಗ ತಗಿಯೂದು, ಮನಿಯೊಳಗ ಯಾರರ ಹೋದಾಗ ಕಾಗದಪತ್ರ ಹಿಡಕೊಂಡು ನಿಂದರೂದು. ಪ್ರತಿ ಸಾಲಿನ ಮುಂದ, ಇದನ್ನ ನಾನ ಮಾಡಬಲ್ಲೆ, ಇಲ್ಲಾ ನನ್ನಿಂದ ಆಗಂಗಿಲ್ಲ ಅಂತ ಖರೆ ಖರೆ ಬರೀರಿ. 2020ರಾಗ ನೀವು ಏನ ಮಾಡಿದ್ರಿ ಅನ್ನೂದನ್ನ ನೆನಪ ಮಾಡ್ಕೊಂಡ್ರ ನಿಮಗ ಕೈ ಹಿಡಿಯೋ ಮನುಷ್ಯಾ ಬೇಕೋ ಬ್ಯಾಡೋ ಅನ್ನೂದು ಗೊತ್ತಾಗ್ತೈತಿ.

7. ಮೂರು ದಾರಿ, ಮೂರರದ್ದೂ ರೂಪಾಯಿ ಲೆಕ್ಕ

ದಾರಿ ಮೂರು: ಏಜೆಂಟ್ರ ಕಡೆ ರೆಗ್ಯುಲರ್, ಫೀ ಕೊಟ್ಟು ಅಡ್ವೈಸರ್ ಜೊತಿ ಡೈರೆಕ್ಟ್, ಇಲ್ಲಾ ತಾವ ಡೈರೆಕ್ಟ್. ಇಲ್ಲಿ ಮಂದಿ ಎಡವೋದು ಜಾಸ್ತಿ. "ಕಮಿಷನ್ ಕೆಟ್ಟದ್ದು, ಫೀ ಕೊಟ್ಟು ಅಡ್ವೈಸರ್ ಹಿಡೀರಿ" ಅಂತ ಎಲ್ಲಾ ಕಡೆ ಹೇಳ್ತಾರ, ಲೆಕ್ಕ ಹಾಕಿದ್ರ ಅದು ಎಲ್ಲಾರಿಗೂ ಹೊಂದಂಗಿಲ್ಲ.

ರೆಗ್ಯುಲರ್‌ಗೂ ಡೈರೆಕ್ಟ್‌ಗೂ ಖರ್ಚಿನ ಫರಕು 0.8 ಪರ್ಸೆಂಟ್ ಅಂತ ಹಿಡೀರಿ. 3 ಲಕ್ಷ ಇದ್ದವರಿಗೆ ರೆಗ್ಯುಲರ್ ಪ್ಲಾನ್‌ದಿಂದ ವರ್ಷಕ್ಕ ಹೋಗೂದು 2,400, ತಿಂಗಳಿಗೆ 200. 10 ಲಕ್ಷಕ್ಕ 8,000. 25 ಲಕ್ಷಕ್ಕ 20,000. 50 ಲಕ್ಷಕ್ಕ 40,000. ಈಗ ಒಬ್ಬ ಅಡ್ವೈಸರ್ ವರ್ಷಕ್ಕ 15,000 ಫಿಕ್ಸ್ ಫೀ ಕೇಳಿದ್ರು ಅಂತ ಉದಾಹರಣೆಗೆ ಇಟ್ಕೋರಿ. 15,000ನ್ನ 0.8 ಪರ್ಸೆಂಟ್‌ಗೆ ಭಾಗಿಸಿದ್ರ 18.75 ಲಕ್ಷ ಬರ್ತೈತಿ. ಅದಕ್ಕಿಂತ ಕಡಿಮಿ ಇದ್ದವರಿಗೆ ರೆಗ್ಯುಲರ್ ಪ್ಲಾನೇ ಸೋವಿ, ಏಜೆಂಟ್ರು ಕೆಲಸ ಮಾಡೋರಾದ್ರ. ಅದಕ್ಕಿಂತ ಜಾಸ್ತಿ ಇದ್ದವರಿಗೆ ಫೀ ಕೊಟ್ಟು ಡೈರೆಕ್ಟ್ ಹೋಗೂದು ಸೋವಿ. ಅವರು ಜಿಎಸ್‌ಟಿ ಹಚ್ಚೋರಾದ್ರ 18 ಪರ್ಸೆಂಟ್ ಸೇರ್ಸಿ 17,700 ಅಂತ ಹಿಡಿಬೇಕು, ಆವಾಗ ಆ ಗೆರಿ 22 ಲಕ್ಷಕ್ಕ ಹೋಗ್ತೈತಿ. ನಿಮಗ ಕೇಳಿದ ಫೀ ಹಾಕಿ ನಿಮ್ಮ ಗೆರಿ ನೀವ ತಗೀರಿ.

ಫೀ ಎರಡ ಥರ ಇರ್ತೈತಿ. ಫಿಕ್ಸ್ ಆದ್ರ ಒಂದ ಕುಟುಂಬಕ್ಕ ವರ್ಷಕ್ಕ 1,51,000ಕ್ಕಿಂತ ಮ್ಯಾಲ ಹೋಗೂಹಂಗಿಲ್ಲ, ಪರ್ಸೆಂಟ್ ಲೆಕ್ಕ ಆದ್ರ ಅವರು ನೋಡಿಕೊಳ್ಳೋ ಆಸ್ತಿ ಮ್ಯಾಲ ವರ್ಷಕ್ಕ 2.5 ಪರ್ಸೆಂಟ್ ಮಿತಿ, ಇದು 2025ರ ಸೆಬಿ ಸುತ್ತೋಲಿಯೊಳಗಿನ ಮಿತಿ. ಮಿತಿ ಅಂದ್ರ ಅಷ್ಟ ಕೊಡಬೇಕು ಅಂತ ಅಲ್ಲ. ಪರ್ಸೆಂಟ್ ಫೀ ಬಗ್ಗೆ ಹುಷಾರ್ ಇರ್ರಿ. 1 ಪರ್ಸೆಂಟ್ ಫೀ, ಅದರ ಮ್ಯಾಲ ಜಿಎಸ್‌ಟಿ ಸೇರಿ 1.18. ಡೈರೆಕ್ಟ್‌ಗೆ ಹೋಗಿ ನೀವು ಉಳಿಸಿದ್ದು 0.8. ಕಮಿಷನ್ ತಪ್ಪಿಸಾಕ ಹೋಗಿ ಕಮಿಷನ್‌ಗಿಂತ ಜಾಸ್ತಿ ಕೊಟ್ಟಂಗ ಆತು. ಅವರ ಸಲಹಾ ಆ ಹೆಚ್ಚಿನ 0.38ಕ್ಕ ತೂಗ್ತೈತಿ ಅಂದ್ರ ಮಾತ್ರ ಕೊಡ್ರಿ. ಇನ್ನ ಫಿಕ್ಸ್ ಫೀ ಒಳಗೂ ಒಂದ ಚಲೋ ದಾರಿ ಐತಿ, ಒಂದ ವರ್ಷ ಫೀ ಕೊಟ್ಟು ಪೂರಾ ಪ್ಲಾನ್ ಮಾಡಿಸಿಕೊಂಡು, ಎರಡು ಮೂರು ವರ್ಷ ತಾವ ನಡಸಿ, ಆಮ್ಯಾಲ ಇನ್ನೊಮ್ಮೆ ತೋರಸೂದು. ಡಾಕ್ಟರ್ ಕಡೆ ವರ್ಷಾಪೂರ್ತಿ ಅಡ್ಮಿಟ್ ಆಗಿ ಇರಂಗಿಲ್ಲಲ್ಲ, ಹಂಗ.

ಮೂರನೇ ದಾರಿ, ಯಾರೂ ಬ್ಯಾಡ, ತಾವ ಡೈರೆಕ್ಟ್. ಎರಡು ಮೂರು ಫಂಡ್, ಅದರಾಗೊಂದು ಇಂಡೆಕ್ಸ್, ಬಜಾರ ಬಿದ್ದಾಗ ಕೈ ಕಟ್ಟಿ ಕುಂಡ್ರೋ ಧೈರ್ಯ, ಇಷ್ಟ ಇದ್ದವರಿಗೆ ಇದು ಸಾಕು. ಧೈರ್ಯ ಇಲ್ದವರು ಖರ್ಚು ಉಳಸಾಕ ಹೋಗಿ ಅಸಲಿಗೆ ಪೆಟ್ಟು ಮಾಡ್ಕೋತಾರ, ನಾನು ಕಣ್ಣಿಲೇ ನೋಡೀನಿ.

8. ಎದುರಿಗೆ ಕುಂತು ಕೇಳ್ರಿ

ನಮ್ಮ ಮಂದಿಗೆ ಇದೊಂದು ಸಂಕೋಚ. ದಿನಾ ಮಾರಿ ನೋಡೋರು, ಮದವಿ ಮುಂಜಿವಿಗೆ ಬರೋರು, ಹೆಂಗ ಕೇಳೂದು ಅಂತ. ನಾನು ಹಿಂಗ ಕೇಳಿದೆ: "ಅಣ್ಣಾರ, ಸ್ಟೇಟ್‌ಮೆಂಟ್‌ನ್ಯಾಗ ನಿಮಗ ವರ್ಷಕ್ಕ ಒಂಬತ್ತೂ ಮುಕ್ಕಾಲು ಸಾವಿರ ಬರ್ತೈತಿ ಅಂತ ಐತಿ. ನೀವು ದುಡೀರಿ, ಅದಕ್ಕ ನನ್ನ ತಕರಾರಿಲ್ಲ. ಆದ್ರ ಅಷ್ಟಕ್ಕ ವರ್ಷದಾಗ ನೀವು ನನಗ ಏನೇನ ಮಾಡಿಕೊಡ್ತೀರಿ ಹೇಳ್ರಿ." ಸಿಟ್ಟಾಗದ ಕೇಳಿದ್ರ ಅವರೂ ಸಿಟ್ಟಾಗಂಗಿಲ್ಲ. ಜೊತಿಗೆ ಇವನ್ನೂ ಕೇಳ್ರಿ: ಈ ಫಂಡೇ ಯಾಕ, ಇದರ ಜಾಗದಾಗ ಇಂಡೆಕ್ಸ್ ಫಂಡ್ ಯಾಕ ಬ್ಯಾಡ, ವರ್ಷಕ್ಕ ಎಷ್ಟ ಸಲ ಕುಂತು ರಿವ್ಯೂ ಮಾಡ್ತೀರಿ, ಹೋದ ಮೂರು ವರ್ಷದಾಗ ನನ್ನ ಫಂಡ್ ಎಷ್ಟ ಸಲ ಬದಲಿ ಮಾಡಿಸೀರಿ ಯಾಕ, ನಾನು ಇಲ್ಲದಾಗ ಮನಿಯವರಿಗೆ ಯಾರು ಸಹಾಯ ಮಾಡ್ತಾರ. ಉತ್ತರ ಬರದ ಇಟ್ಕೋರಿ. ಕಮಿಷನ್ ಬರೂದೇ ಇಲ್ಲ ಅಂದವರ ಹತ್ರ ನಾನು ಮುಂದಿನ ಪ್ರಶ್ನೆ ಕೇಳಾಕೂ ಹೋಗಂಗಿಲ್ಲ.

ಅಡ್ವೈಸರ್ ಆದ್ರ ಬರವಣಿಗಿಯೊಳಗ ಅಗ್ರಿಮೆಂಟ್ ಬೇಕು, ಫೀ ಬ್ಯಾಂಕ್ ಮೂಲಕ ಕೊಡ್ರಿ, ಕ್ಯಾಶ್ ಕೇಳಿದ್ರ ಎದ್ದು ಬರ್ರಿ.

9. ಡೈರೆಕ್ಟ್‌ಗೆ ಹೋಗಬೇಕಂದ್ರ ಅವಸರ ಮಾಡಬ್ಯಾಡ್ರಿ

ಸಿಟ್ಟಿನ ಭರದಾಗ ಒಂದ ದಿನದಾಗ ಎಲ್ಲಾ ರೆಗ್ಯುಲರ್ ತಗದು ಡೈರೆಕ್ಟ್‌ಗೆ ಹಾಕೋರು ಅದಾರ. ಅದೇ ಫಂಡಿನೊಳಗ ಸ್ವಿಚ್ ಮಾಡಿದ್ರೂ ಇನ್‌ಕಮ್ ಟ್ಯಾಕ್ಸಿನ ಲೆಕ್ಕದಾಗ ಮಾರಿದಂಗ. 2024ರ ಜುಲೈ 23ರಿಂದ ಈಕ್ವಿಟಿ ಫಂಡಿನ ಮ್ಯಾಲ, ಒಂದು ವರ್ಷಕ್ಕಿಂತ ಹೆಚ್ಚ ಇಟ್ಟಿದ್ರ 12.5 ಪರ್ಸೆಂಟ್ ಟ್ಯಾಕ್ಸ್, ವರ್ಷಕ್ಕ 1.25 ಲಕ್ಷದ ತನಕ ಲಾಭಕ್ಕ ಮಾಫಿ, ಒಂದು ವರ್ಷದೊಳಗಿಂದಾದ್ರ 20 ಪರ್ಸೆಂಟ್.

8 ಲಕ್ಷದ ಫಂಡ್, ಅದರಾಗ ಲಾಭ 3 ಲಕ್ಷ ಅಂತ ತೊಗೋರಿ. ಒಂದೇ ಸಲಕ್ಕ ಸ್ವಿಚ್ ಮಾಡಿದ್ರ 1.75 ಲಕ್ಷದ ಮ್ಯಾಲ 21,875, ಸೆಸ್ ಸೇರಿ 22,750 ಕಟ್ಟಬೇಕು. ಡೈರೆಕ್ಟ್‌ದಿಂದ ಉಳಿಯೂದು ವರ್ಷಕ್ಕ 6,400. ಮೂರುವರೆ ವರ್ಷ ಬೇಕು ಟ್ಯಾಕ್ಸ್ ಕಟ್ಟಿದ್ದು ವಾಪಸ್ ಬರಾಕ. ಮುಂದೊಮ್ಮೆ ಹೆಂಗಿದ್ರೂ ಟ್ಯಾಕ್ಸ್ ಕಟ್ಟೂದ ಅಲ್ಲ ಅಂತ ಅನ್ನಬಹುದು, ಅದೂ ಖರೆ, ಆದ್ರ ತುಂಡು ತುಂಡಾಗಿ ಮಾಡಿದ್ರ ಬಹುತೇಕ ಕಟ್ಟೂದ ಬ್ಯಾಡ. ಮಾರ್ಚ್ ಕಡೀ ವಾರ 1.25 ಲಕ್ಷ ಲಾಭ ಆಗೋವಷ್ಟು ಯೂನಿಟ್, ಏಪ್ರಿಲ್ ಶುರುವಿಗೆ ಹೊಸಾ ವರ್ಷದ ಲೆಕ್ಕದಾಗ ಇನ್ನೊಂದಿಷ್ಟು, ಉಳಿದಿದ್ದು ಮುಂದಿನ ಏಪ್ರಿಲ್‌ಗೆ. ಬ್ಯಾರೆ ಶೇರು ಫಂಡ್ ಮಾರಿದ ಲಾಭಾನೂ ಅದೇ 1.25 ಲಕ್ಷದೊಳಗ ಬರ್ತೈತಿ ಅನ್ನೂದು ನೆನಪಿರಲಿ. ಮೊದಲ ಕೊಂಡ ಯೂನಿಟ್ಟೇ ಮೊದಲ ಮಾರಿದಂಗ ಲೆಕ್ಕ ಹಿಡೀತಾರ, ಅವುಗಳಾಗ ಲಾಭ ಜಾಸ್ತಿ ಇರ್ತೈತಿ. ಹೊಸಾ ಯೂನಿಟ್‌ಗೆ ಎಕ್ಸಿಟ್ ಲೋಡಿನ ವರ್ಷ ಮತ್ತ ಮೊದಲಿಂದ ಶುರು. ಇಎಲ್‌ಎಸ್‌ಎಸ್ (ಟ್ಯಾಕ್ಸ್ ಉಳಸೋ ಈಕ್ವಿಟಿ ಫಂಡ್) ಆದ್ರ ಪ್ರತಿ ಕಂತಿಗೂ ಮೂರು ವರ್ಷ ಲಾಕ್, ಅದನ್ನ ಮುಟ್ಟಾಕ ಬರಂಗಿಲ್ಲ.

ಎಲ್ಲಾಕಿಂತ ಸರಳ ದಾರಿ: ಹಳೇದ ಇರಲಿ, ಹೊಸಾ ಎಸ್‌ಐಪಿ ಡೈರೆಕ್ಟ್‌ನ್ಯಾಗ ಶುರು ಮಾಡ್ರಿ. ಟ್ಯಾಕ್ಸ್ ಇಲ್ಲ, ಜಗಳ ಇಲ್ಲ. ಕಾಗದದ ಕೆಲಸ ಬಿದ್ರ ಹುಬ್ಬಳ್ಳ್ಯಾಗ ಕ್ಯಾಮ್ಸ್‌ದೂ ಕೆಫಿನ್‌ದೂ ಆಫೀಸ್ ಅದಾವ, ತಾವ ಹೋಗಿ ಕೊಡಬಹುದು.

10. ಇನ್ಶೂರೆನ್ಸ್ ಜೊತಿ ಕಲಸಿದ್ದು ಇದ್ರ

ನಮ್ಮವ್ವ 2019ರಾಗ ಬ್ಯಾಂಕಿಗೆ ಎಫ್‌ಡಿ ಮಾಡಸಾಕ ಹೋಗಿ ಯುಲಿಪ್ (ವಿಮಾ, ಹೂಡಿಕಿ ಎರಡೂ ಕಲಸಿದ ಪಾಲಿಸಿ) ತೊಗೊಂಡು ಬಂದಿದ್ಲು, "ಎಫ್‌ಡಿಗಿಂತ ಜಾಸ್ತಿ ಬರ್ತೈತಿ ಅಂತ ಆ ಹುಡುಗ ಹೇಳಿದ್ನಪಾ" ಅಂತ. ನಾನು ಕಾಗದ ಓದೋವಷ್ಟರಾಗ ಫ್ರೀ ಲುಕ್ (ಪಾಲಿಸಿ ಬ್ಯಾಡಂದ್ರ ವಾಪಸ್ ಕೊಡೋ) ದಿನಗಳು ಮುಗದಿದ್ವು, ಐದು ವರ್ಷ ಲಾಕ್. ಈಗ ಆ ಫ್ರೀ ಲುಕ್ 30 ದಿನ ಐತಿ, ಪಾಲಿಸಿ ಕೈಗೆ ಬಂದ ದಿನಾನ ಓದ್ರಿ. ಯುಲಿಪ್‌ನ್ಯಾಗ ಫಂಡ್ ಮ್ಯಾನೇಜ್‌ಮೆಂಟ್ ಚಾರ್ಜ್ 1.35 ಪರ್ಸೆಂಟ್ ಮಿತಿ ಅಂತ ತೋರಸ್ತಾರ, ಅದು ಕಡಿಮಿ ಅನಸ್ತೈತಿ, ಆದ್ರ ಅದರ ಹೊರಗ ಪ್ರೀಮಿಯಂ ಅಲೋಕೇಶನ್, ಅಡ್ಮಿನಿಸ್ಟ್ರೇಶನ್, ಮಾರ್ಟಾಲಿಟಿ (ಜೀವದ ವಿಮಾದ ಖರ್ಚು) ಅಂತ ಬ್ಯಾರೆ ಸಾಲು ಇರಬಹುದು, ಎಲ್ಲಾ ಕೂಡಸ್ರಿ. ಹಳೇ ಎಂಡೋಮೆಂಟ್ (ಅವಧಿ ಮುಗದಾಗಲೂ ರೊಕ್ಕ ಬರೋ ವಿಮಾ) ಪಾಲಿಸಿ ಇದ್ರ ಕಟ್ಟಿದ ತಾರೀಖು, ಮುಂದ ಬರೋ ರೊಕ್ಕ ಎಕ್ಸೆಲ್‌ನ್ಯಾಗ ಹಾಕಿ ಎಕ್ಸ್‌ಐಆರ್‌ಆರ್ (ವರ್ಷಕ್ಕ ಎಷ್ಟ ಪರ್ಸೆಂಟ್ ಬಿತ್ತು ಅನ್ನೋ ಲೆಕ್ಕ) ತಗೀರಿ. ಮುಂದುವರಿಸೂದೋ ಬಿಡೂದೋ ಅನ್ನೂದಕ್ಕ ಇಲ್ಲೀತನಕ ಕಟ್ಟಿದ್ದನ್ನ ನೋಡಬ್ಯಾಡ್ರಿ, ಇವತ್ತು ಬಿಟ್ರ ಎಷ್ಟ ಸಿಗ್ತೈತಿ, ಇನ್ನ ಎಷ್ಟ ಕಟ್ಟಬೇಕು, ಕಡೀಗೆ ಎಷ್ಟ ಬರ್ತೈತಿ ಅನ್ನೂದನ್ನಷ್ಟ ನೋಡ್ರಿ. ಜೀವದ ವಿಮಾ ಬೇಕಂದ್ರ ಟರ್ಮ್ ಪ್ಲಾನ್ ಮೊದಲ ಕೈಯಾಗ ಇರಲಿ, ಆಮ್ಯಾಲ ಬಿಡೂ ಮಾತು.

11. ತೀರ್ಮಾನ ಬರದು ತಾರೀಖು ಹಾಕ್ರಿ

ಹಾಳಿಯ ಒಂದ ಬದಿಗೆ ವರ್ಷಕ್ಕ ಹೋಗೋ ರೂಪಾಯಿ, ಇನ್ನೊಂದ ಬದಿಗೆ ಆದ ಕೆಲಸ. ಕೆಲಸ ತೂಗಿದ್ರ ಇರಲಿ, ತೂಗದಿದ್ರ ಒಂದ ವರ್ಷ ಟೈಮ್ ಕೊಡ್ರಿ, ಆಮ್ಯಾಲೂ ಅದೇ ಕಥಿ ಆದ್ರ ಬದಲಿಸ್ರಿ. ತಪ್ಪು ಮಾಹಿತಿ ಕೊಟ್ಟು ಮಾರಿದ್ರ ಮೊದಲ ಫಂಡ್ ಕಂಪನಿಗೆ ಬರದ ಕಂಪ್ಲೇಂಟ್ ಕೊಡ್ರಿ, ಅಲ್ಲಿ ಆಗಲಿಲ್ಲಂದ್ರ ಸೆಬಿಯ ಸ್ಕೋರ್ಸ್ ವೆಬ್‌ಸೈಟ್ ಐತಿ.

ನನ್ನ ಏಜೆಂಟ್ರು ಆ ಮಾತು ಆದ ಎರಡ ದಿನಕ್ಕ ಮನಿಗೆ ಬಂದ್ರು, ಚಹಾ ಕುಡಕೋತ ಒಂದ ಗಂಟೆ ಕುಂತ್ರು. ಅವ್ವನ ಹೆಸರಿನ ಫಂಡ್ ಅವರ ಹತ್ರಾನ ಇರಲಿ ಅಂತ ಮಾತಾತು, ಯಾಕಂದ್ರ ಅವ್ವಗ ಓಟಿಪಿ, ಆ್ಯಪು ಆಗಂಗಿಲ್ಲ, ಅವರು ಮನಿಗೇ ಬಂದು ಸಹಿ ಮಾಡಿಸಿಕೊಂಡು ಹೋಗ್ತಾರ, ವರ್ಷಕ್ಕ 2,100 ಕಮಿಷನ್, ಆ ಕೆಲಸಕ್ಕ ಅದು ಜಾಸ್ತಿ ಅಲ್ಲ. ನನ್ನ ಹೊಸಾ ಎಸ್‌ಐಪಿ ಡೈರೆಕ್ಟ್‌ಗೆ, ಹಳೇದನ್ನ ಮೂರು ವರ್ಷದಾಗ ತುಂಡು ತುಂಡಾಗಿ. ಲಾರ್ಜ್ ಕ್ಯಾಪ್ ಒಂದನ್ನ ಬಿಟ್ಟೆ, ಅದರ ಜಾಗಕ್ಕ ಇಂಡೆಕ್ಸ್. ಹಾಳಿ ಮ್ಯಾಲ ಇಬ್ಬರೂ ಓದಿ ತಾರೀಖು ಹಾಕಿದ್ವಿ, ಅದನ್ನ ಅಪ್ಪನ ಮಾರ್ಕೆಟ್ ಪಟ್ಟಿ ಇಟ್ಟ ಹಳೇ ಫೈಲಿನ್ಯಾಗ ಹಾಕೀನಿ, ಏಪ್ರಿಲ್‌ದಾಗ ಸ್ಟೇಟ್‌ಮೆಂಟ್ ಬಂದ ದಿನ ಮತ್ತ ತಗದು ನೋಡಬೇಕು.